ಬಬಲೇಶ್ವರದ ಎರಡು ‘ಬ’

ವಿಜಯಪುರದಲ್ಲಿ ಈಗ ಎಲ್ಲಿ ನೋಡಿದರೂ ಕೈಬರಹದ ಅಕ್ಷರ. ಮದುವೆ ಕಾರ್ಡಿನ ಮೇಲೆ ಹುಡುಗ ಹುಡುಗಿಯ ಹೆಸರು, ಹೊಸ ಕೆಫೆಯ ಬೋರ್ಡು, ಖಡಕ್ ರೊಟ್ಟಿಯ ಪ್ಯಾಕೆಟ್ಟು, ಒಣದ್ರಾಕ್ಷಿಯ ಡಬ್ಬಿ, ಹುಟ್ಟುಹಬ್ಬದ ಫ್ಲೆಕ್ಸು, ಇನ್‌ಸ್ಟಾಗ್ರಾಮ್ ರೀಲಿನ ಮೇಲೆ ಓಡುವ ಸಾಲು, ಎಲ್ಲವೂ ಯಾರೋ ಕೂತು ಬರೆದ ಹಾಗೆ ಕಾಣುತ್ತವೆ. ಬರೆದವರು ಯಾರೂ ಇಲ್ಲ, ಅದು ಫಾಂಟ್, ಅಂದರೆ ಕಂಪ್ಯೂಟರಿನ ಸಿದ್ಧ ಅಕ್ಷರ. ಅದೇ ಬೀದಿಯಲ್ಲಿ ಬ್ರಶ್ ಹಿಡಿದು ಬೋರ್ಡ್ ಬರೆಯುತ್ತಿದ್ದ ಪೇಂಟರ್‌ಗಳಿಗೆ ಮೊದಲಿನಷ್ಟು ಕೆಲಸ ಇಲ್ಲ. ಕೈಬರಹದಂಥ ಅಕ್ಷರ ಎಲ್ಲರಿಗೂ ಬೇಕು, ಕೈಯಿಂದ ಬರೆಯುವವರನ್ನು ಕೇಳುವವರು ಕಮ್ಮಿ. ಇದು ಹೇಗಾಯಿತು, ಇದರಲ್ಲಿ ಕನ್ನಡದ ಪಾಡು ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕೈಬರಹದ ಹಾಗೆ ಕಾಣುವ ಅಚ್ಚಕ್ಷರ ಹೊಸದೇನಲ್ಲ. ಅಮೆರಿಕದಲ್ಲಿ 1942ರಲ್ಲೇ ‘ಬ್ರಶ್ ಸ್ಕ್ರಿಪ್ಟ್’ ಬಂದಿತ್ತು. ಫ್ರಾನ್ಸಿನ ರೋಜೆ ಎಕ್ಸ್‌ಕೊಫೋಂ ಎಂಬ ವಿನ್ಯಾಸಗಾರ 1953ರಲ್ಲಿ ತನ್ನದೇ ಕೈಬರಹ ಇಟ್ಟುಕೊಂಡು ‘ಮಿಸ್ಟ್ರಾಲ್’ ಮಾಡಿದ. ಸೀಸದ ಬಿಡಿ ಅಚ್ಚುಗಳನ್ನು ಸಾಲಾಗಿ ಜೋಡಿಸಿದರೂ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಎಳೆಯಲ್ಲಿ ಬರೆದ ಹಾಗೆ ಕಾಣಬೇಕು ಅನ್ನುವುದು ಅವನ ಹಟ. ಅದಕ್ಕಾಗಿ ಅವನು ಪಟ್ಟ ಶ್ರಮ ಈಗಲೂ ಅಚ್ಚಿನ ಕೆಲಸದವರಿಗೆ ಪಾಠ. 1994ರಲ್ಲಿ ಮೈಕ್ರೋಸಾಫ್ಟ್‌ಗಾಗಿ ವಿನ್ಸೆಂಟ್ ಕೊನ್ನೇರ್ ಮಾಡಿದ ‘ಕಾಮಿಕ್ ಸಾನ್ಸ್’ ಕಂಪ್ಯೂಟರ್‌ಗಳ ಜೊತೆಗೇ ಮನೆ ಮನೆಗೆ ಬಂತು. ಆದರೆ ಈಗಿನ ಭರಾಟೆಗೆ ದಾರಿ ಆದದ್ದು ಎರಡು ಸಂಗತಿ. 2010ರಲ್ಲಿ ಗೂಗಲ್ ಫಾಂಟ್ಸ್ ಶುರುವಾಯಿತು, ಫಾಂಟ್ ಪುಕ್ಕಟೆ ಸಿಗತೊಡಗಿತು. 2013ರಲ್ಲಿ ಕ್ಯಾನ್ವಾ ಎಂಬ ಡಿಸೈನ್ ತಾಣ ಬಂತು, ಡಿಸೈನ್ ಕಲಿಯದವರೂ, ಮುಂದೆ ಮೊಬೈಲ್‌ನಲ್ಲೇ, ಪೋಸ್ಟರ್ ಮಾಡುವಂತಾಯಿತು. ‘ಪೆಸಿಫಿಕೊ’, ‘ಲಾಬ್‌ಸ್ಟರ್’, ‘ಡ್ಯಾನ್ಸಿಂಗ್ ಸ್ಕ್ರಿಪ್ಟ್’ ಅನ್ನುವ ಹೆಸರು ಗೊತ್ತಿಲ್ಲದಿದ್ದರೂ ಆ ಅಕ್ಷರಗಳನ್ನು ನೀವು ಬೇಕರಿ ಡಬ್ಬಿಯ ಮೇಲೆ ನೋಡೇ ಇರುತ್ತೀರಿ.

ಪುಕ್ಕಟೆ ಸಿಕ್ಕಿದ್ದು ಒಂದು ಕಾರಣ ಅಷ್ಟೇ. ಜನಕ್ಕೆ ಅದು ಬೇಕು ಅನಿಸುವುದು ಬೇರೆ ಕಾರಣಕ್ಕೆ. ಬ್ಯಾಂಕ್, ಫೋನ್ ಕಂಪನಿ, ಸರ್ಕಾರಿ ಆ್ಯಪ್ ಎಲ್ಲದರ ಅಕ್ಷರವೂ ಈಗ ಒಂದೇ ಥರ: ನೇರ, ನಯ, ಸಪಾಟು. ಅದರ ನಡುವೆ ಸ್ವಲ್ಪ ವಾಲಿದ, ಸ್ವಲ್ಪ ದಪ್ಪ ತೆಳು ಆದ ಅಕ್ಷರ ಕಂಡರೆ ಇದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅನಿಸುತ್ತದೆ. ಒಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಶೇಂಗಾ ಚಟ್ನಿ ಕುಟ್ಟಿ ಪ್ಯಾಕೆಟ್ ಮಾಡುತ್ತಾರೆ. ಅದರ ಮೇಲೆ ‘ಮನೆಯಲ್ಲೇ ಮಾಡಿದ್ದು’ ಅಂತ ದಪ್ಪ ಅಚ್ಚಕ್ಷರದಲ್ಲಿ ಹಾಕಿದರೆ ಅದು ಜಾಹೀರಾತು ಆಗುತ್ತದೆ. ಅದನ್ನೇ ಕೈಬರಹದಲ್ಲಿ ಹಾಕಿದರೆ ಆ ಹೆಣ್ಣುಮಗಳೇ ಹೇಳಿದ ಹಾಗೆ ಕೇಳುತ್ತದೆ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅವರು ನಿಜವಾಗಿಯೂ ಕೈಯಿಂದಲೇ ಮಾಡುತ್ತಾರೆ, ಅಕ್ಷರ ಆ ಮಾತನ್ನು ಹೇಳುತ್ತದೆ. ದೊಡ್ಡ ಕಾರ್ಖಾನೆಯ ಚಟ್ನಿ ಪುಡಿಯೂ ಅದೇ ಫಾಂಟ್ ಹಾಕಿಕೊಂಡು ಪಕ್ಕದಲ್ಲಿ ನಿಂತಾಗ ತೊಂದರೆ ಶುರು. ಆಗ ಆ ಸಂಘದವರ ಹತ್ತಿರ ಇದ್ದ ಒಂದೇ ಗುರುತೂ ಹೋಗುತ್ತದೆ. ಅವರಿಗೆ ಬೇಕಾದದ್ದು ಎಲ್ಲರಿಗೂ ಸಿಗುವ ಕೈಬರಹ ಅಲ್ಲ, ಅವರದೇ ಊರಿನ ಒಂದು ಕೈ.

ಈಗ ಕನ್ನಡಕ್ಕೆ ಬರೋಣ. ಇಂಗ್ಲಿಷ್‌ನಲ್ಲಿ ಕೈಬರಹದ ಫಾಂಟ್ ಬೇಕು ಅಂದರೆ ಆರಿಸಿಕೊಳ್ಳಲು ನೂರಾರು ಇವೆ. ದೇವನಾಗರಿಗೂ ತಕ್ಕಮಟ್ಟಿಗೆ ಇವೆ. ಇಂಡಿಯನ್ ಟೈಪ್ ಫೌಂಡ್ರಿಯವರ ‘ಕಲಮ್’ ಗೂಗಲ್ ಫಾಂಟ್ಸ್‌ನಲ್ಲೇ ಸಿಗುತ್ತದೆ, ಪೆನ್ನಿನಲ್ಲಿ ಸರಸರ ಬರೆದ ಹಾಗಿದೆ. ಅದರಲ್ಲಿ ಕನ್ನಡ ಇಲ್ಲ. ಮರಾಠಿ ಕನ್ನಡ ಎರಡೂ ಓಡಾಡುವ ನಮ್ಮ ಗಡಿಭಾಗದಲ್ಲಿ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಎರಡು ಭಾಷೆಯ ಬೋರ್ಡಿನಲ್ಲಿ ಮರಾಠಿ ಸಾಲು ಲವಲವಿಕೆಯಿಂದ ಇರುತ್ತದೆ, ಕೆಳಗಿನ ಕನ್ನಡ ಸಾಲು ಸರ್ಕಾರಿ ಸುತ್ತೋಲೆಯ ಅಕ್ಷರದಲ್ಲಿರುತ್ತದೆ. ಕನ್ನಡದಲ್ಲಿ ಪುಕ್ಕಟೆ ಸಿಗುವವುಗಳಲ್ಲಿ ಒಳ್ಳೆಯವೂ ಇವೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ‘ಅಕಾಯ ಕನ್ನಡಕ’ದಲ್ಲಿ ಕೈಯ ಚಲನೆ ಚೆನ್ನಾಗಿ ಕಾಣುತ್ತದೆ. ‘ಹುಬ್ಬಳ್ಳಿ’ ಅನ್ನುವ ಹೆಸರಿನದೇ ಒಂದು ಫಾಂಟ್ ಇದೆ, ಒಂದೇ ದಪ್ಪದ ಗೆರೆಯ ಸಲೀಸಾದ ಅಕ್ಷರ. ‘ಬಲೂ ತಮ್ಮ’ ದುಂಡಗೆ, ಗಟ್ಟಿಮುಟ್ಟಾಗಿದೆ. ಆದರೆ ನಮ್ಮ ಪೆನ್ನಿನ ಬರಹ, ನಮ್ಮ ಬ್ರಶ್ಶಿನ ಬರಹ ಅಂತ ಹೇಳಬಹುದಾದ ಫಾಂಟ್‌ಗಳು ತೀರಾ ಕಮ್ಮಿ.

ಯಾಕೆ ಕಮ್ಮಿ ಅನ್ನುವುದನ್ನು ಒಂದು ಊರಿನ ಹೆಸರಿನಲ್ಲೇ ನೋಡಬಹುದು. ‘ಬಬಲೇಶ್ವರ’ ಅಂತ ಒಂದು ಹಾಳೆಯ ಮೇಲೆ ಬರೆಯಿರಿ. ಮೊದಲ ಎರಡು ಅಕ್ಷರವೂ ಬ. ನಿಮ್ಮ ಕೈಯಲ್ಲಿ ಎರಡನೆಯ ಬ ಮೊದಲಿನದರ ಥರ ಇರುವುದಿಲ್ಲ. ಮೊದಲನೆಯದನ್ನು ನಿಧಾನಕ್ಕೆ ಬರೆದಿರುತ್ತೀರಿ, ಎರಡನೆಯದು ಸ್ವಲ್ಪ ಕಿರಿದಾಗಿರುತ್ತದೆ, ಅದರ ತಲೆಕಟ್ಟು ‘ಲೇ’ ಕಡೆಗೆ ಚೂರು ಎಳೆದಿರುತ್ತದೆ. ಈಗ ಅದನ್ನೇ ಕೈಬರಹದ ಫಾಂಟಿನಲ್ಲಿ ಟೈಪ್ ಮಾಡಿ. ಎರಡೂ ಬ ಅಚ್ಚೊತ್ತಿದ ಹಾಗೆ ಒಂದೇ. ಮೊದಲ ‘ಬ’ದಲ್ಲಿ ಎಲ್ಲಿ ಬ್ರಶ್ಶಿನ ಕೂದಲು ಬಿರಿದಿದೆಯೋ ಎರಡನೆಯದರಲ್ಲೂ ಅಲ್ಲೇ ಬಿರಿದಿದೆ. ನೋಡುವವರಿಗೆ ಕಾರಣ ಹೇಳಲು ಬರದೇ ಇರಬಹುದು, ಆದರೆ ಇದು ಕೈಯಲ್ಲ ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಇಂಗ್ಲಿಷ್ ಫಾಂಟ್ ಮಾಡುವವರು ಇದಕ್ಕೆ ಪರಿಹಾರ ಕಂಡುಕೊಂಡು ಬಹಳ ದಿನ ಆಯಿತು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ಅಡೋಬಿ ಸೇರಿ ಓಪನ್‌ಟೈಪ್ ಎಂಬ ಫಾಂಟ್ ರೂಪವನ್ನು ಘೋಷಿಸಿದವು. ಅದರಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಬರೆದಿಟ್ಟು, ಅಕ್ಕಪಕ್ಕ ಯಾವ ಅಕ್ಷರ ಇದೆ ಅನ್ನುವುದನ್ನು ನೋಡಿ ತಾನಾಗೇ ಬದಲಾಯಿಸುವಂತೆ ಮಾಡಬಹುದು. ‘ಕೇವಿಯಟ್’ ಅನ್ನುವ ಫಾಂಟ್ ಇದನ್ನೇ ಮಾಡುತ್ತದೆ. ಇಂಗ್ಲಿಷ್‌ಗೆ ಈ ಕೆಲಸ ಹಗುರ. ಸಣ್ಣ ದೊಡ್ಡ ಅಕ್ಷರ ಸೇರಿ 52. ಎರಡೆರಡು ರೂಪ ಬರೆದರೂ 104.

ಕನ್ನಡದ ಲೆಕ್ಕ ಹಾಕಿ. ವ್ಯಂಜನ 34. ಗುಡಿಸು ಬಂದರೆ ತಲೆಕಟ್ಟು ಹೋಗಿ ಅಕ್ಷರದ ರೂಪವೇ ಬದಲಾಗುತ್ತದೆ. ಏತ್ವಕ್ಕೂ ಹಾಗೇ. ಒತ್ತಕ್ಷರಕ್ಕೆ ಮತ್ತೊಂದು ರೂಪ. ಅಂದರೆ ತಲೆಕಟ್ಟು, ಗುಡಿಸು, ಏತ್ವ, ಒತ್ತು ಇಷ್ಟಕ್ಕೇ 136 ಚಿತ್ರ. ಎರಡೆರಡು ಸಲ ಬರೆದರೆ 272. ಇನ್ನೂ ಸ್ವರಗಳು, ದೀರ್ಘ, ಕೊಂಬು, ವಟ್ರಸುಳಿ, ಅರ್ಕಾವೊತ್ತು, ಅಂಕಿ ಯಾವುದೂ ಬಂದಿಲ್ಲ. ಬರೆದು ಮುಗಿಸಿದ ಮೇಲೆ ಒತ್ತು ಎಲ್ಲಿ ಕೂರಬೇಕು ಅನ್ನುವುದನ್ನು ಕೂಡಿಸಿ ಕೂಡಿಸಿ ನೋಡಬೇಕು. ‘ಮುದ್ದೇಬಿಹಾಳ’ದ ‘ದ್ದೇ’ಯಲ್ಲಿ ಮೇಲೆ ಏತ್ವ, ಕೆಳಗೆ ದ ಒತ್ತು, ಬಲಕ್ಕೆ ದೀರ್ಘ. ಕೈಯಲ್ಲಿ ಬರೆಯುವವರು ಒತ್ತನ್ನು ಹೊಟ್ಟೆಯ ಕೆಳಗೆ ಹಿಡಿಸಿ, ದೀರ್ಘವನ್ನು ಹತ್ತಿರಕ್ಕೆ ಎಳೆದುಕೊಂಡು ಜಾಗ ಉಳಿಸುತ್ತಾರೆ. ಫಾಂಟಿಗೆ ಅದನ್ನು ಕಲಿಸಬೇಕಾದರೆ ಯಾರಾದರೂ ಕೂತು ಪ್ರತಿ ಜೋಡಿಯನ್ನೂ ಸರಿಪಡಿಸಬೇಕು. ಇಷ್ಟು ದುಡಿದ ಮೇಲೆ ಕನ್ನಡ ಫಾಂಟಿಗೆ ದುಡ್ಡು ಕೊಟ್ಟು ಕೊಳ್ಳುವವರು ಇಂಗ್ಲಿಷ್‌ನವರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಕಂಪನಿಗಳು ಈ ಕಡೆ ತಿರುಗುವುದು ಕಮ್ಮಿ.

ನಮ್ಮ ಅಚ್ಚಿನಂಗಡಿಗಳ ಕಡೆಯಿಂದಲೂ ಒಂದು ಗಂಟು ಇದೆ. ಫ್ಲೆಕ್ಸ್ ಅಂಗಡಿಯ ಆಪರೇಟರ್ ಇವತ್ತಿಗೂ ಕೋರಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ, ನುಡಿ ಅಥವಾ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲೇ ಕೆಲಸ ಮಾಡುವುದು ಜಾಸ್ತಿ. ಸೋಮಾರಿತನದಿಂದಲ್ಲ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಈಗಿನ ಪದ್ಧತಿ. ಕೋರಲ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತುಗಳು ಒಡೆದು ಬೀಳುತ್ತಿದ್ದವು. ಸಾಯಂಕಾಲದೊಳಗೆ ಬ್ಯಾನರ್ ಕೊಡಬೇಕಾದವರಿಗೆ ಕೈಕೊಡದ ದಾರಿ ಬೇಕು. ಆದರೆ ಆಸ್ಕಿ ಫಾಂಟಿನಲ್ಲಿ ಇರುವುದೇ 256 ಮನೆ. ಅಷ್ಟರೊಳಗೆ ಇಡೀ ಕನ್ನಡ ಹಿಡಿಸಬೇಕು ಅಂತ ಏತ್ವ, ದೀರ್ಘ, ಕೊಂಬುಗಳನ್ನು ತುಂಡು ಮಾಡಿ ಇಟ್ಟಿರುತ್ತಾರೆ, ಟೈಪ್ ಮಾಡುವಾಗ ಅವು ಪಕ್ಕಪಕ್ಕ ಕೂಡಿಕೊಳ್ಳುತ್ತವೆ. ಅಲ್ಲಿ ಎರಡನೇ ‘ಬ’ಕ್ಕೆ ಜಾಗ ಎಲ್ಲಿಂದ ಬರಬೇಕು? ಯೂನಿಕೋಡ್ ಬಳಸುವ ಓಪನ್‌ಟೈಪ್ ಫಾಂಟಿನಲ್ಲಿ 65 ಸಾವಿರಕ್ಕೂ ಹೆಚ್ಚು ಚಿತ್ರಗಳಿಗೆ ಜಾಗ ಇದೆ. ಯೂನಿಕೋಡ್‌ಗೆ ಬರದೆ ಕನ್ನಡದಲ್ಲಿ ಒಳ್ಳೆಯ ಕೈಬರಹದ ಫಾಂಟ್ ಆಗುವುದೇ ಇಲ್ಲ, ಇದು ತಾಂತ್ರಿಕವಾಗಿ ಖಚಿತ. ಯೂನಿಕೋಡ್ ಬಳಸಿ ಅಂತ ನಾವು ಸಮ್ಮೇಳನಗಳಲ್ಲಿ ಹೇಳುತ್ತಾ ಬಂದಿದ್ದೇವೆ. ಅಚ್ಚಿನಂಗಡಿಯವರಿಗೆ ಹೊಸ ಸಾಫ್ಟ್‌ವೇರ್ ಕೊಳ್ಳಲು, ಕಲಿಯಲು ಯಾರು ನೆರವಾಗುತ್ತಾರೆ ಅನ್ನುವ ಮಾತು ಮಾತ್ರ ಎತ್ತುವುದೇ ಇಲ್ಲ.

ಕೈಬರಹ ಮತ್ತು ಅಚ್ಚಿನ ಸಂಬಂಧ ಕನ್ನಡದಲ್ಲಿ ಹಳೆಯದು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು ಅಂದರೆ ಕೈಯಲ್ಲಿ ಬರೆದದ್ದನ್ನೇ ಕಲ್ಲಿಗೆ ಇಳಿಸಿ ಒತ್ತುವುದು. ಹಾಗಾಗಿ ಆಗಿನ ಓದುಗರು ಪತ್ರಿಕೆಯಲ್ಲಿ ಓದಿದ್ದು ಬರವಣಿಗೆಯನ್ನೇ.

ನಮ್ಮ ಊರಿನ ಕಥೆ ಇದರ ಇನ್ನೊಂದು ಮಗ್ಗಲು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ತಾಡೋಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅಚ್ಚಾಯಿತು. ಪರ ಊರಿನ ಅಚ್ಚುಕೂಟವನ್ನು ಎಷ್ಟು ದಿನ ನಂಬುವುದು ಅಂತ 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು, ಅದಕ್ಕಾಗಿ ಮನೆ ಮಾರಿದರು. ಒಂದೊಂದು ಓಲೆಕಟ್ಟಿನಲ್ಲೂ ಒಂದೊಂದು ಕೈ. ಕಂಟ ಅನ್ನುವ ಕಬ್ಬಿಣದ ಲೇಖನಿಯ ಮೊನೆಯಲ್ಲಿ, ಪದಗಳ ನಡುವೆ ಬಿಡುವಿಲ್ಲದೆ ಬರೆದದ್ದು. ಅವೆಲ್ಲ ಸೀಸದ ಒಂದೇ ಅಚ್ಚಿಗೆ ಇಳಿದವು. ಆಗ ಬೇಕಾಗಿದ್ದದ್ದು ಅದೇ. ವಚನ ಎಲ್ಲರ ಕೈಗೂ ಹೋಗಬೇಕಿತ್ತು, ಓದಲು ಸುಲಭ ಆಗಬೇಕಿತ್ತು. ಆ ಓಲೆಗಳನ್ನು ಬರೆದ ಕೈಗಳ ಚೆಲುವನ್ನು ಅಕ್ಷರವಾಗಿ ಉಳಿಸಿಕೊಳ್ಳುವ ಉಪಾಯ ಆ ಕಾಲದಲ್ಲಿ ಇರಲಿಲ್ಲ. ಈಗ ಇದೆ. ಓಲೆಯ ಅಕ್ಷರವನ್ನು ಸ್ಕ್ಯಾನ್ ಮಾಡಿ ಅದೇ ಬಳುಕಿನ ಫಾಂಟ್ ಮಾಡಬಹುದು. ವಿಜಯಪುರದ ಕನ್ನಡ ಪುಸ್ತಕದ ಮುಖಪುಟಕ್ಕೆ ಇದಕ್ಕಿಂತ ತಕ್ಕ ಅಕ್ಷರ ಸಿಕ್ಕೀತೇ?

ಇಲ್ಲಿ ನನ್ನದೊಂದು ತಕರಾರು ಇದೆ. ಈಗ ಬರುತ್ತಿರುವ ಕನ್ನಡ ಕೈಬರಹದ ಅಕ್ಷರಗಳಲ್ಲಿ ಬಹಳಷ್ಟು ಇಂಗ್ಲಿಷ್ ಬರಹದ ನಡಿಗೆಯನ್ನೇ ಹಿಡಿದಿವೆ. ಬಲಕ್ಕೆ ವಾಲಿಸುವುದು, ಅಕ್ಷರದ ಬಾಲ ಉದ್ದ ಎಳೆಯುವುದು, ಒಂದಕ್ಕೊಂದು ಬಲವಂತದಿಂದ ಕೂಡಿಸುವುದು. ನಮಗೆ ಶಾಲೆಯಲ್ಲಿ ಕಲಿಸಿದ್ದು ‘ದುಂಡಗೆ ಬರಿ’ ಅಂತ. ಕನ್ನಡದ ಚೆಂದ ವಾಲುವುದರಲ್ಲಿ ಇಲ್ಲ, ಹೊರಳುವುದರಲ್ಲಿ ಇದೆ. ಪೆನ್ನು ಎಡದಿಂದ ಸುತ್ತಿ ಬಂದು ತಲೆಕಟ್ಟಿಗೆ ಏರುತ್ತದೆ, ಅವಸರದಲ್ಲಿ ಅದೇ ತಲೆಕಟ್ಟು ಮುಂದಿನ ಅಕ್ಷರಕ್ಕೆ ಹಾಯುತ್ತದೆ. ಕೂಡಿಸಿ ಬರೆಯುವ ಸಂಪ್ರದಾಯ ಬೇಕೆಂದರೆ ಅದಕ್ಕೂ ಹೊರಗೆ ಹೋಗಬೇಕಿಲ್ಲ. ಪೇಶ್ವೆ ಮತ್ತು ಮುಂಬಯಿ ಆಡಳಿತ ಕಂಡ ಈ ಭಾಗದಲ್ಲಿ ಕೈ ಎತ್ತದೆ ಬರೆಯುವ ಮರಾಠಿಯ ಮೋಡಿ ಲಿಪಿಯ ಹಳೆಯ ಕಾಗದಗಳು ಎಷ್ಟೋ ಮನೆಗಳಲ್ಲಿವೆ. ಕನ್ನಡದಲ್ಲೂ ಮೋಡಿ ಬರಹ ಇತ್ತು, ಲೆಕ್ಕ ಬರೆಯುವವರ ಕೈಯಲ್ಲಿ ಪಳಗಿತ್ತು. ಅದನ್ನು ಓದಬಲ್ಲವರು ಕಮ್ಮಿ ಆಗುತ್ತಿದ್ದಾರೆ.

ಬ್ರಶ್ಶಿನ ಕನ್ನಡ ನೋಡಬೇಕು ಅಂದರೆ ಕಬ್ಬಿನ ಹಂಗಾಮಿನಲ್ಲಿ ರಸ್ತೆಗೆ ಬನ್ನಿ. ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂದಿನ ಹಲಗೆಯ ಮೇಲೆ ಮನೆದೇವರ ಹೆಸರು, ಅದರ ಕೆಳಗೆ ಮಕ್ಕಳ ಹೆಸರು. ಪೇಂಟರ್ ಮೊದಲು ಸುಣ್ಣ ಹಚ್ಚಿದ ದಾರ ಎಳೆದು ಮೀಟುತ್ತಾನೆ, ಮೇಲಿನ ಕೆಳಗಿನ ಗೆರೆ ಬೀಳುತ್ತದೆ. ಸೀಮೆಸುಣ್ಣದಲ್ಲಿ ಅಕ್ಷರಗಳ ಅಂದಾಜು ಹಾಕುತ್ತಾನೆ. ‘ಬಸವೇಶ್ವರ’ ಅಂತ ಬರೆಯುವಾಗ ‘ಶ್ವ’ದ ಒತ್ತಿಗೆ ಎಷ್ಟು ಜಾಗ ಬೇಕು ಅನ್ನುವುದು ಮೊದಲ ಬ ಬರೆಯುವ ಹೊತ್ತಿಗೇ ಅವನಿಗೆ ಗೊತ್ತು. ಚಪ್ಪಟೆ ಬ್ರಶ್ಶನ್ನು ಇನಾಮೆಲ್ ಪೇಂಟಿನಲ್ಲಿ ಅದ್ದಿ, ಅಂಚಿಗೆ ಒರೆಸಿ, ಒಂದೇ ಉಸಿರಿನಲ್ಲಿ ಸುತ್ತು ಎಳೆಯುತ್ತಾನೆ. ಏರುವಾಗ ತೆಳು, ಇಳಿಯುವಾಗ ದಪ್ಪ. ಕೊನೆಗೆ ಹಳದಿ ಅಕ್ಷರಕ್ಕೆ ಒಂದು ಬದಿಗೆ ಕೆಂಪು ನೆರಳು. ಮೂಲೆಯಲ್ಲಿ ಚಿಕ್ಕದಾಗಿ ತನ್ನ ಹೆಸರು, ಊರು. ಈ ದಪ್ಪ ತೆಳುವಿನ ಲೆಕ್ಕ ಯಾವ ಕಾಲೇಜಿನ ಪಠ್ಯದಲ್ಲೂ ನನಗೆ ಸಿಕ್ಕಿಲ್ಲ. ಗುರುವಿನ ಪಕ್ಕದಲ್ಲಿ ಪೇಂಟ್ ಡಬ್ಬಿ ಹಿಡಿದು ನಿಂತು ಕಲಿತ ವಿದ್ಯೆ ಅದು.

ಎಲ್ಲ ಕಡೆಯೂ ಕೈಬರಹ ಹಾಕಬೇಕು ಅಂತ ನಾನು ಹೇಳುತ್ತಿಲ್ಲ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ವ್ಯತ್ಯಾಸ ಇರುವುದು ಒಂದು ಸಣ್ಣ ಸೀಳಿನಲ್ಲಿ. ಬ್ರಶ್ಶಿನ ಫಾಂಟನ್ನು ಚಿಕ್ಕದು ಮಾಡಿದರೆ ಆ ಸೀಳು ಮುಚ್ಚಿಹೋಗುತ್ತದೆ. ಪ್ಯಾಕೆಟ್ ಮೇಲೆ ತಯಾರಿಸಿದ ದಿನ, ಬಳಸಬೇಕಾದ ಅವಧಿ, ತೂಕ, ಬೆಲೆ, ಬಳಸಿದ ಪದಾರ್ಥ ಇವೆಲ್ಲ ಸರಳ ಅಚ್ಚಕ್ಷರದಲ್ಲೇ ಇರಬೇಕು. ಬಸ್ಸಿನ ಬೋರ್ಡು, ಆಸ್ಪತ್ರೆಯ ದಾರಿಫಲಕ, ಔಷಧದ ಚೀಟಿ ಕೂಡ. ಹೆಸರಿಗೆ, ಒಂದು ಸಾಲಿನ ಮಾತಿಗೆ ಕೈಬರಹ ಒಪ್ಪುತ್ತದೆ. ಇಡೀ ಆಮಂತ್ರಣ, ಮುಹೂರ್ತದ ವೇಳೆ, ಕಲ್ಯಾಣ ಮಂಟಪದ ವಿಳಾಸ ಎಲ್ಲ ಅದರಲ್ಲೇ ಹಾಕಿದರೆ ವಯಸ್ಸಾದವರು ಕಾರ್ಡನ್ನು ಮಕ್ಕಳ ಕೈಗೆ ಕೊಟ್ಟು ಓದಿಸಿಕೊಳ್ಳಬೇಕಾಗುತ್ತದೆ.

ಈ ವಿಷಯ ಈಗಲೇ ಎತ್ತಲು ಕಾರಣ ಇದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ರಾಜ್ಯದ ತುಂಬಾ ಬೋರ್ಡುಗಳು ಬದಲಾಗಬೇಕು, ಅದೂ ಕನ್ನಡದಲ್ಲಿ. ಫ್ಲೆಕ್ಸ್ ಮೇಲೆ 2016ರಿಂದಲೇ ರಾಜ್ಯದಲ್ಲಿ ನಿಷೇಧ ಇದೆ, ಬೀದಿಯಲ್ಲಿ ನೋಡಿದರೆ ಹಾಗೆ ಅನಿಸುವುದಿಲ್ಲ. ಕಾನೂನಿನ ಈ ಎರಡೂ ಮಾತು ಸೇರಿದರೆ ಕನ್ನಡ ಬರೆಯುವ ಪೇಂಟರ್‌ಗೆ ಕೈತುಂಬಾ ಕೆಲಸ ಇರಬೇಕಿತ್ತು. ಹಾಗಾಗುತ್ತಿಲ್ಲ. ಇಂಗ್ಲಿಷ್ ಹೆಸರಿಗೆ ಚೆಂದದ ಲೋಗೊ ಮಾಡಿಸಿದ ಅಂಗಡಿಯವರು, ಕನ್ನಡ ಹೆಸರನ್ನು ಕೈಗೆ ಸಿಕ್ಕ ಫಾಂಟಿನಲ್ಲಿ ದೊಡ್ಡದು ಮಾಡಿ ಮೇಲೆ ಹಾಕುತ್ತಾರೆ. ಶೇ. 60 ಆಯಿತು, ಚೆಂದ ಆಗಲಿಲ್ಲ. ಇದರ ಮೇಲೆ ಈಗ ಎಐ ಪೋಸ್ಟರ್‌ಗಳು ಬೇರೆ. ಅವು ಬಿಡಿಸುವ ಕನ್ನಡದಲ್ಲಿ ಒತ್ತು ಎಲ್ಲೋ, ಗುಡಿಸು ಎಲ್ಲೋ ಇರುವುದನ್ನು ನಾವೆಲ್ಲ ನೋಡಿದ್ದೇವೆ.

ದಿಲ್ಲಿಯಲ್ಲಿ ಹನೀಫ್ ಕುರೇಶಿ ಎಂಬ ಕಲಾವಿದ ಬೀದಿ ಪೇಂಟರ್‌ಗಳ ಅಕ್ಷರಗಳನ್ನು ಕೂಡಿಸಿ ‘ಹ್ಯಾಂಡ್‌ಪೇಂಟೆಡ್ ಟೈಪ್’ ಅನ್ನುವ ಕೆಲಸ ಶುರು ಮಾಡಿದ್ದರು. ಪೇಂಟರ್‌ಗಳಿಂದ ಅಕ್ಷರ ಬರೆಸಿ, ಅದನ್ನು ಫಾಂಟ್ ಮಾಡಿ, ಆ ಫಾಂಟಿಗೆ ಪೇಂಟರ್‌ನ ಹೆಸರನ್ನೇ ಇಟ್ಟರು. ಅವರು 2024ರಲ್ಲಿ ತೀರಿಕೊಂಡರು. ಇಂಥದ್ದೇ ಕೆಲಸ ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಪೇಂಟರ್‌ಗಳ ಜೊತೆ ಆಗಬೇಕು. ಅವರಲ್ಲಿ ಬಹಳ ಜನಕ್ಕೆ ವಯಸ್ಸಾಗಿದೆ. ಕೈ ನಡುಗಲು ಶುರುವಾದ ಮೇಲೆ ಬ್ರಶ್ಶಿನ ಗೆರೆ ಸಿಗುವುದಿಲ್ಲ.

ಇದಕ್ಕೆ ಬೇಕಾದ್ದು ಬೆಟ್ಟದಷ್ಟು ದುಡ್ಡಲ್ಲ. ಪೇಂಟರ್ ಹಾಳೆಯ ಮೇಲೆ ಇಡೀ ವರ್ಣಮಾಲೆ, ಗುಣಿತಾಕ್ಷರ, ಒತ್ತಕ್ಷರ ಬರೆಯಬೇಕು, ಪ್ರತಿಯೊಂದನ್ನೂ ಎರಡೆರಡು ಸಲ. ಬಿಡಿ ಅಕ್ಷರ ಸಾಲದು, ಊರಿನ ಹೆಸರು, ಮನುಷ್ಯರ ಹೆಸರು ಬರೆಸಬೇಕು. ಒತ್ತು, ದೀರ್ಘ ನಿಜವಾಗಿ ಹೇಗೆ ಕೂರುತ್ತವೆ ಅನ್ನುವುದು ಆಗಲೇ ಗೊತ್ತಾಗುವುದು. ಸ್ಕ್ಯಾನ್ ಮಾಡಿ ಫಾಂಟ್ ಕಟ್ಟಲು ‘ಫಾಂಟ್‌ಫೋರ್ಜ್’ನಂಥ ಪುಕ್ಕಟೆ ಸಾಫ್ಟ್‌ವೇರ್ ಇದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಆದರೆ ಗ್ರಾಫಿಕ್ಸ್ ಕಲಿಯುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ ಕನ್ನಡ ಅಭಿವೃದ್ಧಿ ಪ್ರಾಧಿಕಾರವೋ ಇಂಥ ನಾಲ್ಕು ಫಾಂಟಿಗೆ ದುಡ್ಡು ಕೊಟ್ಟು ಎಲ್ಲರಿಗೂ ಮುಕ್ತವಾಗಿ ಬಿಟ್ಟರೆ, ರೊಟ್ಟಿ ಮಾಡುವ ಸಂಘದಿಂದ ಹಿಡಿದು ಪುಸ್ತಕ ಪ್ರಕಾಶಕರವರೆಗೆ ಎಲ್ಲರಿಗೂ ದಕ್ಕುತ್ತದೆ. ಪೇಂಟರ್‌ಗೆ ಅವನ ದುಡಿಮೆಯ ದುಡ್ಡು ಮೊದಲೇ ಹೋಗಬೇಕು. ಫಾಂಟನ್ನು ಮಾರಾಟಕ್ಕೆ ಇಡುವುದಾದರೆ ಅವನ ಪಾಲು ಎಷ್ಟು ಅಂತ ಕನ್ನಡದಲ್ಲಿ, ಅವನಿಗೆ ಅರ್ಥವಾಗುವ ಹಾಗೆ ಬರೆದು ಕೊಡಬೇಕು. ಗೋಡೆಯ ಫೋಟೊ ತೆಗೆದುಕೊಂಡು ಹೋಗಿ, ಕೇಳದೆ ಫಾಂಟ್ ಮಾಡಿ ಮಾರುವುದು ಆಗಬಾರದು.

ಹೆಸರಿನ ವಿಷಯವೂ ಅಷ್ಟೇ ಮುಖ್ಯ. ನಮ್ಮ ಹಳೆಯ ಶಾಸನಗಳಲ್ಲಿ, ಎಲ್ಲದರಲ್ಲೂ ಅಲ್ಲದಿದ್ದರೂ, ಕೊನೆಗೆ ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರು ಸಿಗುತ್ತವೆ. ಅಕ್ಷರ ಒಬ್ಬರದು, ಅದನ್ನು ಕಲ್ಲಿಗೆ ಇಳಿಸಿದ್ದು ಇನ್ನೊಬ್ಬರು, ಇಬ್ಬರೂ ಲೆಕ್ಕಕ್ಕೆ ಇದ್ದರು. ಫಾಂಟ್ ಫೈಲಿನೊಳಗೂ ವಿನ್ಯಾಸ ಮಾಡಿದವರ ಹೆಸರು ಬರೆಯಲು ಒಂದು ಜಾಗ ಇದೆ, ತಯಾರಿಸಿದ ಸಂಸ್ಥೆಯ ಹೆಸರಿಗೆ ಬೇರೆ ಜಾಗ ಇದೆ. ಮೊದಲನೆಯದರಲ್ಲಿ ಪೇಂಟರ್‌ನ ಹೆಸರು ಇರಬೇಕು, ಅದರ ಜೊತೆಗೆ ಫಾಂಟ್ ಕಟ್ಟಿದ ಹುಡುಗಿಯ ಹೆಸರು. ದುಡ್ಡು ಕೊಡುವ ಇಲಾಖೆ ಈ ಷರತ್ತನ್ನು ಟೆಂಡರ್ ಕಾಗದದಲ್ಲೇ ಹಾಕಬೇಕು.